ನೀವ್ ಕೇಳ್ರಿ, ನಾವ್ ಹೇಳ್ತೀವಿ: ಈ ಸಲ ತೈವಾನಿನ ಮಂದಿ

ಬ್ಯಾಡಗಿಯಿಂದ ಒಬ್ಬರು: ದುಬಾರಿ ಫೋನಿನ ಚಿಪ್ ಬಹಳಷ್ಟು ತೈವಾನಿಂದ ಬರ್ತಾವಂತ. ಮತ್ತ ಆ ಕಂಪನಿ ತನ್ನ ಹೆಸರಲೆ ಒಂದು ಫೋನರ ಯಾಕ ಮಾರಂಗಿಲ್ಲ?

ಬ್ಯಾಡಗಿಯವ್ರಿಗೆ ಇದನ್ನ ಹೇಳೂದು ಭಾಳ ಹಗುರ ನೋಡ್ರಿ. ನೀವು ಕೇಳಿದ ಆ ಚಿಪ್ ಕಂಪನಿ, ಟಿಎಸ್‌ಎಂಸಿ ಅನ್ನೂದು, ಖಾರ ಕುಟ್ಟೋ ಗಿರಣಿ ಇದ್ದಂಗ. ನೀವು ಕಡ್ಡಿ ಮೆಣಸಿನಕಾಯಿ ಎಷ್ಟು, ಡಬ್ಬಿ ಮೆಣಸಿನಕಾಯಿ ಎಷ್ಟು ಅಂತ ನಿಮ್ಮ ಲೆಕ್ಕದಾಗ ಕೂಡಿಸಿ, ಕೊತ್ತಂಬರಿ ಕಾಳು ಹುರಕೊಂಡು ಚೀಲದಾಗ ಒಯ್ತೀರಿ, ಅಂವ ಕುಟ್ಟಿಕೊಟ್ಟು ಕಿಲೋ ಲೆಕ್ಕಕ್ಕ ಕೂಲಿ ತಗೋತಾನ, ಮಸಾಲಿ ನಿಮ್ದು. ನಾಳೆ ಅಂವನ ತನ್ನ ಹೆಸರಿನ ಪ್ಯಾಕೆಟ್ ಮಾರಾಕ ಕುಂತ್ರ ನಿಮ್ಮ ಮನಿ ಅಳತಿ ಅಂವನ ಮುಂದ ಬಿಚ್ಚತೀರೇನು? ಚಿಪ್ ಧಂದೇನೂ ಮೊದಲ ಹಿಂಗ ಇತ್ತು, ಡಿಸೈನ್ ಮಾಡೋ ಸಣ್ಣವ್ರ ಹತ್ರ ಫ್ಯಾಕ್ಟರಿ ಇರ್ತಿರಲಿಲ್ಲ, ಫ್ಯಾಕ್ಟರಿ ಇದ್ದ ದೊಡ್ಡವ್ರು ಇವ್ರಿಗೇ ಪೈಪೋಟಿ. 1987ರಾಗ ಮೋರಿಸ್ ಚಾಂಗ್ ಬಂದು, ನಾ ಬರೇ ಕುಟ್ಟಿಕೊಡಾಂವ, ಮಾರಾಂವ ಅಲ್ಲ ಅಂದ. ಆಪಲ್, ಎನ್‌ವಿಡಿಯಾ ಎಲ್ಲಾ ಈಗ ಅದ ಗಿರಣಿ ಮುಂದ ಪಾಳಿ ಹಚ್ಚತಾವ. ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಹುಟ್ಟಿದ್ದೂ ತೈವಾನಿನಾಗನ ಬಿಡ್ರಿ.

ಚಾಂಗ್ ಹುಟ್ಟಿದ್ದು ಚೀನಾದ ನಿಂಗ್ಬೊದಾಗ, ಓದಿದ್ದು ಅಮೆರಿಕಾದಾಗ. ಎಂಐಟಿಯೊಳಗ ಪಿಎಚ್‌ಡಿಗೆ ಸೇರೋ ಪರೀಕ್ಷೆ ಎರಡ ಸಲ ಫೇಲ್, ಆಮ್ಯಾಲೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅನ್ನೋ ಅಮೆರಿಕಾದ ಚಿಪ್ ಕಂಪನಿಯೊಳಗ 25 ವರ್ಷ, ಗಿರಣಿ ಹಾಕಿದಾಗ ವಯಸ್ಸು 55. ಆದ್ರ ಬಂಡವಾಳದಾಗ ಅರ್ಧದ ಹತ್ರ ತೈವಾನ್ ಸರಕಾರದ್ದು, ಹಂಗಾಗಿ ಒಬ್ಬನ ಸಾಹಸ ಅಂತ ನಾ ಅನ್ನಂಗಿಲ್ಲ.

ಹಾವೇರಿಯಿಂದ: ಅಲ್ಲಿ ರಾಜಕಾರಣಿಗಳು ಓದಿದವ್ರ ಏನು?

ಅಧ್ಯಕ್ಷ ಲೈ ಚಿಂಗ್-ತೆ ಕಿಡ್ನಿ ಡಾಕ್ಟರು, ಕಲ್ಲಿದ್ದಲ ಗಣಿ ಕಾರ್ಮಿಕನ ಮಗ. ಅವ್ರಕಿಂತ ಮೊದಲ 2016ರಿಂದ 2024ರ ತನಕ ಸಾಯ್ ಇಂಗ್-ವೆನ್, ಕಾನೂನು ಪ್ರೊಫೆಸರು, ಅಲ್ಲಿಯ ಮೊದಲ ಮಹಿಳಾ ಅಧ್ಯಕ್ಷೆ. ನಮ್ಮವರದ್ದು ಕೇಳಬ್ಯಾಡ್ರಿ.

ಧಾರವಾಡದಿಂದ: ನಿಮ್ಮಂಗ ಪತ್ರಿಕೆ ನಡಸಾವ್ರು ಅಲ್ಲಿ ಯಾರರ ದೊಡ್ಡವ್ರು?

ನಮ್ಮಂಗ ಅನಬ್ಯಾಡ್ರಿ, ನಾಚಿಕಿ ಬರ್ತದ. ಚೆಂಗ್ ನಾನ್-ಜುಂಗ್ ಅಂತ. ತೈವಾನಿನಾಗ 1949ರಿಂದ 1987ರ ತನಕ ಮಿಲಿಟರಿ ಕಾನೂನು, ಅದರೊಳಗ 1984ರಾಗ ಅಂವ ವಾರಪತ್ರಿಕೆ ಶುರು ಮಾಡಿದ. ಸರಕಾರ ಒಂದು ಹೆಸರು ಬಂದ್ ಮಾಡ್ಸಿದ್ರ ಇನ್ನೊಂದು ಹೆಸರಲೆ ಅದ ಪತ್ರಿಕೆ ಬರ್ತಿತ್ತು, ಗೆಳ್ಯಾರ ಹೆಸರಲೆ ಲೈಸೆನ್ಸ್ ಮೊದಲ ತಗಿಸಿ ಇಟ್ಟಿದ್ದ. ನಮಗ ಇಲ್ಲಿ ಒಂದು ಹೆಸರು ರಿಜಿಸ್ಟರ್ ಮಾಡ್ಸೂದ್ರಾಗ ಚಪ್ಲಿ ಸವದಿದ್ವು. ಕಡೀಕ ಹೊಸ ಸಂವಿಧಾನದ ಕರಡು ಅಚ್ಚು ಹಾಕಿದ್ದಕ್ಕ ಚೆಂಗ್ ಮ್ಯಾಲೆ ದೇಶದ್ರೋಹದ ಕೇಸು ಬಿತ್ತು. ಶರಣಾಗಂಗಿಲ್ಲ ಅಂತ 71 ದಿನ ಆಫೀಸಿನಾಗನ ಬಾಗ್ಲ ಹಾಕ್ಕೊಂಡು ಕುಂತ, 1989ರ ಏಪ್ರಿಲ್ 7ಕ್ಕ ಪೊಲೀಸರು ಹಿಡ್ಯಾಕ ಬಂದಾಗ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಆ ತಾರೀಖು ಈಗ ಅಲ್ಲಿ ವಾಕ್ ಸ್ವಾತಂತ್ರ್ಯದ ದಿನ.

ಗದಗದಿಂದ: ನಾ ಸಂತ್ಯಾಗ ಕಾಯಿಪಲ್ಲೆ ಮಾರಾಕಿ, ನನ್ನ ಮಗಳು ಈ ಪತ್ರ ಬರೀತಾಳ. ನಮ್ಮಂಥವ್ರು ಯಾರೂ ಇಲ್ಲೇನು?

ಅದಾರವ್ವ, ಚೆನ್ ಶು-ಚು. ತೈತುಂಗ್ ಊರಿನ ಮಾರ್ಕೆಟ್‌ದಾಗ ಕಾಯಿಪಲ್ಲೆ ಮಾರ್ತಿದ್ದಾಕಿನ. ಸಣ್ಣಾಕಿದ್ದಾಗ ತಾಯಿ ಹೆರಿಗಿ ಮುಂದ ತೀರಿಕೊಂಡ್ಲು, ದವಾಖಾನಿಗೆ ಕಟ್ಟೋ ಡಿಪಾಜಿಟ್ ಹೊಂದಿಸೂದ್ರಾಗ ತಡ ಆಗಿತ್ತು. ಹುಡುಗಿ ಸಾಲಿ ಬಿಟ್ಟು ತಕ್ಕಡಿ ಹಿಡದ್ಲು. ಹಂಗ ಮಾರಿ ಕೂಡಿಸಿದ್ರಾಗ ಒಂದು ಕೋಟಿ ತೈವಾನ್ ಡಾಲರ್‌ನಷ್ಟು ದಾನ ಮಾಡ್ಯಾಳ, ತಾ ಕಲ್ತ ಪ್ರೈಮರಿ ಸಾಲಿಗೆ ಲೈಬ್ರರಿ ಕಟ್ಟಿಸ್ಯಾಳ. ನಮ್ಮ ಹೆಗ್ಗೋಡಿನ ಸುಬ್ಬಣ್ಣನವ್ರಿಗೆ 1991ರಾಗ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತಲ್ಲ, ಅದ ಪ್ರಶಸ್ತಿ 2012ರಾಗ ಈಕಿಗೆ ಬಂತು. ಅದರ ಜೋಡಿ ಬಂದ 50 ಸಾವಿರ ಅಮೆರಿಕನ್ ಡಾಲರ್ ತನ್ನೂರಿನ ಒಂದು ದವಾಖಾನಿಗೆ ಕೊಟ್ಲು.