ಮಳೆಯಿಲ್ಲದ ದಿನ ಮಳೆ ಗಟಾರದಲ್ಲಿ ನೀರು

ಓದುಗರ ಪತ್ರ: "ಹೊಸೂರು ಕಡೆ ನನ್ನದೊಂದು ಬೈಕ್ ಸರ್ವಿಸ್ ಅಂಗಡಿ ಇದೆ. ನಾಲ್ಕು ಹುಡುಗರು ಕೆಲಸಕ್ಕಿದ್ದಾರೆ. ಹೋದ ತಿಂಗಳು ಇಬ್ಬರು ಬಂದರು. ಮುಂದಿನ ಮಳೆ ಗಟಾರದ ಕಲ್ಲು ಎತ್ತಿಸಿದರು, ಬಾಟಲಿಯಲ್ಲಿ ನೀರು ತುಂಬಿಕೊಂಡರು, ಫೋಟೋ ಹೊಡೆದುಕೊಂಡು ಹೋದರು. ಮತ್ತೆ ಬರುತ್ತೇವೆ ಎಂದಿದ್ದಾರೆ. ದೊಡ್ಡ ಕಾರ್ಖಾನೆಗಳನ್ನು ಬಿಟ್ಟು ನಮ್ಮಂಥ ಸಣ್ಣವರ ಬೆನ್ನು ಹತ್ತುವುದು ಯಾಕೆ? ಅದು ಬರೀ ಮಳೆ ಗಟಾರ. ಒಂದು ಜೋರು ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತದೆ, ಅಲ್ವಾ? ಇದರ ಬಗ್ಗೆ ನೀವು ಬರೆಯಬೇಕು. ಎಣ್ಣೆ ತಡೆಯುವ ಹೊಂಡ ಕಟ್ಟಿಸಿ ಅಂತಲೂ ಹೇಳಿದ್ದಾರೆ. ಅದು ಹೇಗಿರುತ್ತದೆ ಗೊತ್ತಿದ್ದರೆ ತಿಳಿಸಿ. ನನ್ನ ಹೆಸರು ಹಾಕಬೇಡಿ."
— ಒಬ್ಬ ಓದುಗ, ಹುಬ್ಬಳ್ಳಿ

ಸಂಪಾದಕರ ಉತ್ತರ:

ಪ್ರೀತಿಯ ಓದುಗರೇ,

ಬರೆಯಿರಿ ಎಂದಿರಿ, ಬರೆಯುತ್ತಿದ್ದೇನೆ. ನೀವು ಎದುರು ನೋಡಿದ ಉತ್ತರ ಇದಲ್ಲದಿರಬಹುದು, ಬೇಸರ ಮಾಡಿಕೊಳ್ಳಬೇಡಿ. ಇಷ್ಟು ನೇರವಾಗಿ ಬರೆಯುವ ಓದುಗರು ಕಡಿಮೆ. ಅದಕ್ಕೇ ಈ ತಿಂಗಳ ಪುಟ ಪೂರ್ತಿ ನಿಮಗೇ ಕೊಟ್ಟಿದ್ದೇನೆ.

ನಿಮ್ಮ ಪತ್ರದ ಒಂದು ಸಾಲನ್ನು ಮೂರು ಸಲ ಓದಿದೆ. "ಒಂದು ಜೋರು ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತದೆ." ಎಲ್ಲಿಗೆ ಹೋಗುತ್ತದೆ? ನಿಮ್ಮ ಅಂಗಡಿ ಮುಂದಿನ ಗಟಾರ ನಾಲಾಕ್ಕೆ ಸೇರುತ್ತದೆ. ಊರ ನಡುವೆ ಹಾಯ್ದು ಹೋಗುವ ಉಣಕಲ್ ನಾಲಾ ಬೆಣ್ಣಿಹಳ್ಳಕ್ಕೆ ಸೇರುತ್ತದೆ. ಬೆಣ್ಣಿಹಳ್ಳ ನವಲಗುಂದದ ಎರೆ ಹೊಲಗಳನ್ನು ದಾಟಿ ಮಲಪ್ರಭೆಗೆ ಬೀಳುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಹಿರಿಯರು ಒಂದು ಹಳ್ಳವನ್ನು ಬೆಣ್ಣಿಹಳ್ಳ ಎಂದು ಕರೆದರು, ಅದರ ನೆರೆಯದನ್ನು ತುಪ್ಪರಿಹಳ್ಳ ಎಂದು ಕರೆದರು. ಬಾಯಲ್ಲಿ ಬೆಣ್ಣೆ, ತುಪ್ಪದ ಹೆಸರು ಬರುವ ನೀರು ಅದು.

ಮೂರು ವರ್ಷದ ಹಿಂದೆ, ಹಿಂಗಾರಿ ಬಿತ್ತನೆ ಹೊತ್ತಿನಲ್ಲಿ, ನವಲಗುಂದ ತಾಲ್ಲೂಕಿನ ಒಬ್ಬ ರೈತರ ಜೊತೆ ಆ ಹಳ್ಳದ ದಂಡೆಗೆ ಹೋಗಿದ್ದೆ. ಅವರು ಎತ್ತುಗಳನ್ನು ನೀರಿಗೆ ಇಳಿಸಿದರು. ಒಂದು ಎತ್ತು ಮೂತಿ ಚಾಚಿತು, ಮೂಸಿತು, ತಲೆ ಎತ್ತಿ ಎರಡು ಹೆಜ್ಜೆ ಹಿಂದೆ ಸರಿಯಿತು. ಮೂಗಿನ ಹೊಳ್ಳೆ ಅಗಲವಾಗಿ ಬಿರಿದಿದ್ದವು. ನೀರಿನ ಮೇಲೆ ನವಿಲುಗರಿಯ ಬಣ್ಣದ ತೆಳು ಪೊರೆ ತೇಲುತ್ತಿತ್ತು, ದಂಡೆಯ ಹುಲ್ಲಿನ ಬುಡಕ್ಕೆ ಕರಿ ಜಿಡ್ಡು ಮೆತ್ತಿತ್ತು. ಆ ರೈತರು ಸಿಟ್ಟಾಗಲಿಲ್ಲ. "ಎತ್ತು ಮೂಸಿ ನೋಡಿ ಹಿಂದ ಸರೀತಾವ್ರೀ. ನಾವು ಎಲ್ಲಿಗಂತ ಸರಿಯೂಣು?" ಎಂದರು, ಅಷ್ಟೇ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಎತ್ತು.

ನಮ್ಮಲ್ಲಿ ಬಹಳ ಜನರಿಗೆ ಒಂದು ವಿಷಯ ಗೊತ್ತಿಲ್ಲ. ಊರಿನಲ್ಲಿ ಗಟಾರ ಎರಡು ತರಹ. ನೆಲದೊಳಗಿನ ಯುಜಿಡಿ, ಅಂದರೆ ಒಳಚರಂಡಿ ಪೈಪು ಮನೆ, ಹೋಟೆಲಿನ ಕೊಳೆಯನ್ನು ಶುದ್ಧೀಕರಣ ಘಟಕಕ್ಕೆ ಒಯ್ಯಬೇಕಾದದ್ದು. ರಸ್ತೆ ಬದಿಯ ಮಳೆ ಗಟಾರಕ್ಕೆ ಅಂಥ ಘಟಕ ಇರುವುದಿಲ್ಲ. ಅದಕ್ಕೆ ಏನು ಹಾಕುತ್ತೀರೋ ಅದು ಹಾಗೇ ಹಳ್ಳಕ್ಕೆ ಹೋಗುತ್ತದೆ. ನೀವು "ಬರೀ ಮಳೆ ಗಟಾರ" ಎಂದಿರಿ. ಬರೀ ಮಳೆ ಗಟಾರ ಆದದ್ದಕ್ಕೇ ಅದಕ್ಕೆ ಕಾವಲು ಜಾಸ್ತಿ ಬೇಕು.

ಇನ್ನು ಲೆಕ್ಕಕ್ಕೆ ಬರೋಣ. 1986ರ ಪರಿಸರ ಸಂರಕ್ಷಣೆ ನಿಯಮಗಳ ಪ್ರಕಾರ ಹಳ್ಳ, ಕೆರೆ, ನದಿಗೆ ಬಿಡುವ ನೀರಿನಲ್ಲಿ ಎಣ್ಣೆ, ಗ್ರೀಸ್ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು. 10 ಮಿಲಿಗ್ರಾಂ ಅಂದರೆ ಒಂದು ಹನಿಯ ಸುಮಾರು ಕಾಲು ಪಾಲು. ಒಂದು ಬೈಕಿನಿಂದ ಇಳಿಸುವ ಹಳೇ ಎಣ್ಣೆ ಹತ್ತಿರ ಹತ್ತಿರ ಒಂದು ಲೀಟರ್. ಆ ಒಂದು ಲೀಟರ್ ಗಟಾರಕ್ಕೆ ಹೋದರೆ ಸುಮಾರು 88,000 ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತಿರ ಹತ್ತಿರ 18 ಟ್ಯಾಂಕರ್. ನಿಮ್ಮ ಅಂಗಡಿಗೆ ದಿನಕ್ಕೆ ಎಷ್ಟು ಬೈಕ್ ಬರುತ್ತವೆ ಅನ್ನುವುದು ನಿಮಗೇ ಗೊತ್ತು.

"ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ" ಎನ್ನುತ್ತಿದ್ದರು ನಮ್ಮ ಕಡೆ. ಮೇ ಕೊನೆಯ ಆ ಮೊದಲ ಮಳೆಗೆ ಇಂದು ಓಣಿಯಲ್ಲಿ ಹರಿಯುವುದು ಬೇಸಿಗೆಯಿಡೀ ಕೂಡಿಟ್ಟ ಎಣ್ಣೆ, ಬ್ರೇಕಿನ ಪುಡಿ, ಸೋಪಿನ ನೊರೆ, ಬ್ಯಾಟರಿ ನೀರು. ಮೊದಲ ಅರ್ಧ ತಾಸಿನ ನೀರೇ ಎಲ್ಲಕ್ಕಿಂತ ಹೊಲಸು. ಬಿತ್ತನೆಗೆ ಕಾದು ಕೂತ ರೈತನ ಹಳ್ಳಕ್ಕೆ ವರ್ಷದ ಮೊದಲ ನೀರಾಗಿ ಹೋಗುವುದು ಇದೇ.

ಈ ವಿಷಯದಲ್ಲಿ ನಾನು ಸುಮಾರು ಓದಿದ್ದೇನೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1969ರಲ್ಲಿ ಕಾಯಹೋಗಾ ಎಂಬ ನದಿಗೆ ಬೆಂಕಿ ಹತ್ತಿತು. ನೀರಿನ ಮೇಲಿನ ಎಣ್ಣೆ ಉರಿಯಿತು. 1972ರಲ್ಲಿ ಅವರು ಕಾಯ್ದೆ ಮಾಡಿ ಕಾರ್ಖಾನೆಗಳ ಪೈಪುಗಳಿಗೆ ಕಡಿವಾಣ ಹಾಕಿದರು. ಆದರೂ ನದಿಗಳು ಪೂರ್ತಿ ತಿಳಿಯಾಗಲಿಲ್ಲ. ರಸ್ತೆ, ಅಂಗಳ, ಅಂಗಡಿಗಳಿಂದ ಮಳೆ ಗಟಾರದಲ್ಲಿ ಬರುವ ಹೊಲಸು ಬಾಕಿ ಉಳಿದಿತ್ತು. 1987ರಲ್ಲಿ ಕಾಯ್ದೆ ತಿದ್ದಿ ಮಳೆನೀರನ್ನೂ ಸೇರಿಸಿದರು. 1990ರ ನಿಯಮದಿಂದ ಒಂದು ಲಕ್ಷಕ್ಕೆ ಮೇಲ್ಪಟ್ಟ ಜನರಿರುವ ನಗರಗಳು ತಮ್ಮ ಮಳೆ ಗಟಾರಕ್ಕೆ ತಾವೇ ಜವಾಬು ಕೊಡಬೇಕಾಯಿತು. 2011ರ ಜನಗಣತಿಯಲ್ಲೇ ನಮ್ಮ ಅವಳಿ ನಗರದ ಜನಸಂಖ್ಯೆ ಒಂಬತ್ತು ಲಕ್ಷ ದಾಟಿತ್ತು.

ಅವರ ಒಂದು ಕ್ರಮ ನನಗೆ ಬಹಳ ಹಿಡಿಸಿತು. ಮಳೆ ಗಟಾರವನ್ನು ಅವರು ಮಳೆ ಇಲ್ಲದ ದಿನ ನೋಡುತ್ತಾರೆ. ಮೂರು ದಿನ, ಅಂದರೆ 72 ಗಂಟೆ ಮಳೆ ಬಿದ್ದಿಲ್ಲ, ಆದರೂ ಗಟಾರದ ಬಾಯಲ್ಲಿ ನೀರು ಹರಿಯುತ್ತಿದೆ ಅಂದರೆ ಅದು ಎಲ್ಲಿಂದಲೋ ಬರುತ್ತಿರಬೇಕು. ಮುಚ್ಚಳ ಮುಚ್ಚಳ ಎತ್ತುತ್ತಾ ಮೇಲಕ್ಕೆ ನಡೆಯುತ್ತಾರೆ. ಎಲ್ಲಿ ಗಟಾರ ಒಣಗಿದೆಯೋ ಅಲ್ಲಿಂದ ಹಿಂದಿನ ಅಂಗಡಿಯ ಬಾಗಿಲು ಬಡಿಯುತ್ತಾರೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಬೇಕಾದದ್ದು ಎರಡು ಕಾಲು, ಒಂದು ಕಬ್ಬಿಣದ ಕೊಕ್ಕೆ ಮತ್ತು ವಾರ ವಾರ ಬರುವ ಶಿಸ್ತು.

ಅಲ್ಲಿನ ಬಹಳಷ್ಟು ಉದ್ದಿಮೆಗಳು ವರ್ಷಕ್ಕೆ ನಾಲ್ಕು ಸಲ ತಮ್ಮ ಮಳೆನೀರನ್ನು ತಾವೇ ನೋಡಬೇಕು. ನೀರು ಹರಿಯಲು ಶುರುವಾದ ಅರ್ಧ ತಾಸಿನೊಳಗೆ ಬಣ್ಣವಿಲ್ಲದ ಬಾಟಲಿಯಲ್ಲಿ ಹಿಡಿದು, ಒಳ್ಳೆಯ ಬೆಳಕಿನಲ್ಲಿ ಇಟ್ಟು, ಬಣ್ಣ, ವಾಸನೆ, ತಿಳಿ, ತೇಲುವುದು, ತಳ ಹಿಡಿಯುವುದು, ನೊರೆ, ಎಣ್ಣೆ ಪೊರೆ ಎಲ್ಲವನ್ನೂ ಬರೆದಿಡಬೇಕು. ನಾನೂ ಮಾಡಿ ನೋಡಿದೆ. ಜನವರಿಯ ಒಂದು ಮಧ್ಯಾಹ್ನ ನಮ್ಮ ಕಚೇರಿ ಹಿಂದಿನ ಗಟಾರದ ನೀರನ್ನು ಖಾಲಿ ಉಪ್ಪಿನಕಾಯಿ ಬಾಟಲಿಯಲ್ಲಿ ಹಿಡಿದು ಕಿಟಕಿಯಲ್ಲಿಟ್ಟೆ. ಮರುದಿನ ಬೆಳಿಗ್ಗೆ ತಳದಲ್ಲಿ ಎರಡು ಬೆರಳು ಕರಿ ರಾಡಿ, ನಡುವೆ ನೀಲಿ ಛಾಯೆಯ ನೀರು, ಮೇಲೆ ಎಣ್ಣೆಯ ಉಂಗುರ. ಆ ನೀಲಿ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ, ನಮ್ಮದೇ ಪತ್ರಿಕೆ ಅಚ್ಚಾಗುವ ಪ್ರೆಸ್ಸಿನ ಹಿಂಬಾಗಿಲಿಗೆ ಬಂದು ನಿಂತೆ. ರೋಲರ್ ತೊಳೆದ ಮಸಿ ನೀರು ಅದು. ಬಹಳ ನಾಚಿಕೆಯಾಯಿತು. ಈಗ ಆ ನೀರು ಡ್ರಮ್ಮಿಗೆ ಹೋಗುತ್ತದೆ. ವಾರಕ್ಕೊಮ್ಮೆ ನಾನೇ ಹೋಗಿ ನೋಡಿ ಬರುತ್ತೇನೆ.

ನಿಮ್ಮ ಕಡೆಯ ಮಾತನ್ನೂ ಹೇಳಬೇಕು. ಸಣ್ಣ ಅಂಗಡಿಗೆ ಬಾಡಿಗೆ, ಪಗಾರ, ಬಡ್ಡಿಯ ಮೇಲೆ ಇದೊಂದು ಖರ್ಚು, ನಿಜ. ದೊಡ್ಡವರು ಪಾರಾಗಿ ಸಣ್ಣವರು ಸಿಕ್ಕಿಬೀಳುವುದೂ ಉಂಟು. ಬಾಟಲಿ ತುಂಬಿಕೊಂಡು ಸುಮ್ನೆ ಹೋಗಿಬಿಟ್ಟರೆ ಭಯವಾಗುತ್ತದೆ, ಅದೂ ಸರಿ. ಆದರೆ ಕಾಯ್ದೆ ನಿಮ್ಮ ಕೈ ಬಿಟ್ಟಿಲ್ಲ. 1974ರ ಜಲ ಕಾಯ್ದೆಯಡಿ ಕೋರ್ಟಿಗೆ ಸಾಕ್ಷಿಯಾಗುವ ಮಾದರಿ ತೆಗೆಯಬೇಕಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ನಿಮಗೆ ನೋಟಿಸ್ ಕೊಡಬೇಕು. ನಿಮ್ಮೆದುರೇ ಅದನ್ನು ಎರಡು ಪಾಲು ಮಾಡಿ, ಸೀಲ್ ಹಾಕಿ, ತಾನೂ ಸಹಿ ಹಾಕಿ ನಿಮ್ಮದನ್ನೂ ಪಡೆಯಬೇಕು. ಮುಂದಿನ ಸಲ ಬಂದಾಗ ಯಾವ ಕಚೇರಿಯಿಂದ ಬಂದಿದ್ದೀರಿ, ಇದು ಸುಮ್ನೆ ನೋಡಲು ಒಯ್ಯುವ ನೀರೋ ಕೇಸಿನ ಮಾದರಿಯೋ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ನನಗೆ ಅದು ಬಹಳ ಇಷ್ಟ. ಹರಿಯುವ ಹಳ್ಳವೂ ಹಳ್ಳ, ಸದ್ಯಕ್ಕೆ ಒಣಗಿದ ಹಳ್ಳವೂ ಹಳ್ಳ ಎನ್ನುತ್ತದೆ ಅದು. ನಮ್ಮ ಸೀಮೆಯ ಹಳ್ಳಗಳು ಎಂಟು ತಿಂಗಳು ಒಣಗಿ ಬಿದ್ದಿರುತ್ತವೆ. ಒಣಗಿದ್ದರೆ ಖಾಲಿ ಜಾಗ ಎಂದುಕೊಂಡು ಕಸ, ಕಲ್ಲು, ಹಳೇ ಎಣ್ಣೆ ಸುರಿಯುತ್ತೇವೆ. ಐವತ್ತು ವರ್ಷದಿಂದ ಕಾಯ್ದೆ ಅದನ್ನು ನೀರು ಎಂದೇ ಕರೆಯುತ್ತಿದೆ.

ನಿಮ್ಮ ಬಾಗಿಲಿಗೆ ಬಂದ ಆ ಇಬ್ಬರು ಯಾರೋ ನನಗೆ ಗೊತ್ತಿಲ್ಲ. ಆದರೆ ಬಿಸಿಲಿನಲ್ಲಿ ಗಟಾರದ ಕಲ್ಲು ಎತ್ತಿಸಿ ಬಗ್ಗಿ ನೋಡಿದರಲ್ಲ, ಅವರ ಮೇಲೆ ನನಗೆ ಪ್ರೀತಿ ಹುಟ್ಟಿತು. ಮತ್ತೆ ಬರುತ್ತೇವೆ ಎಂದರಲ್ಲ, ಅದಕ್ಕೆ ಇನ್ನೂ ಜಾಸ್ತಿ. ಒಂದು ಕಾಲಕ್ಕೆ ನಮ್ಮ ಕೆರೆಗಳಿಗೆ ನೀರಗಂಟಿ ಇದ್ದ. ತೂಬು ಎತ್ತುವವ, ಇಳಿಸುವವ ಅವನು. ಏರಿಯ ಮೇಲೆ ನಡೆದು ಎಲ್ಲಿ ಜಿನುಗುತ್ತಿದೆ ನೋಡುವವ ಅವನು. ಸುಗ್ಗಿಯಲ್ಲಿ ರೈತರು ಅವನ ಪಾಲಿನ ಕಾಳು ಅಳೆದು ಕೊಡುತ್ತಿದ್ದರು. ನೋಡುವುದೂ ಒಂದು ಕೆಲಸ, ಅದಕ್ಕೂ ಕೂಲಿ ಇದೆ ಎಂದು ಊರು ಒಪ್ಪಿತ್ತು. ಇವತ್ತು ಕೆರೆ ಅಭಿವೃದ್ಧಿ ಅಂದರೆ ವಾಕಿಂಗ್ ಟ್ರ್ಯಾಕ್, ಬಣ್ಣದ ದೀಪ, ಕಾರಂಜಿ. ಉಣಕಲ್ ಕೆರೆಯ ಮೇಲೆ ಅಂತರಗಂಗೆ ಕಳೆ ಹಬ್ಬಿದ್ದನ್ನು ನಾವೆಲ್ಲ ನೋಡಿದ್ದೇವೆ. ಯಂತ್ರ ತಂದು ತೆಗೆಸುತ್ತೇವೆ, ಅದು ಮತ್ತೆ ಹಬ್ಬುತ್ತದೆ. ಕೊಳೆ ಒಳಗೆ ಬರುವ ಬಾಯಿ ಯಾವುದು ಎಂದು ದಿನಾ ಹೋಗಿ ನೋಡುವ ಒಬ್ಬ ಮನುಷ್ಯನಿಗೆ ಪಗಾರ ಕೊಡಲು ಮಾತ್ರ ನಮ್ಮಲ್ಲಿ ದುಡ್ಡಿರುವುದಿಲ್ಲ. ದೂರು ಬಂದರೆ ಓಡುತ್ತೇವೆ, ನಿಂತರೆ ಮರೆಯುತ್ತೇವೆ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದಾಗ ಇಡೀ ದೇಶ ನೋಡಿತು. ಬೆಂಕಿ ಬೀಳುವವರೆಗೆ ಕಾಯುವ ಈ ಚಾಳಿ ನಮ್ಮೂರಿಗೆ ಬೇಡ.

ಇನ್ನೊಂದು ನೋವು. ಈ ನಿಯಮಗಳು ಅಂಗಡಿ ಹುಡುಗನಿಗೆ ಅರ್ಥವಾಗುವ ಭಾಷೆಯಲ್ಲಿ ಸಿಗುವುದಿಲ್ಲ. ಯಾವ ಉದ್ದಿಮೆ ಎಷ್ಟು ಮಾಲಿನ್ಯ ಮಾಡುತ್ತದೆ ಎಂದು ನೋಡಿ ಮಾಡಿದ 2016ರ ವರ್ಗೀಕರಣದಲ್ಲಿ ವಾಹನ ಸರ್ವಿಸ್, ರಿಪೇರಿ, ಪೇಂಟಿಂಗ್ ಕಿತ್ತಳೆ, ಅಂದರೆ ನಡುಮಟ್ಟದ ವರ್ಗಕ್ಕೆ ಬಂದಿದ್ದವು. ಅದೇ ವರ್ಷದ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಹಳೇ ಎಣ್ಣೆ ಪರವಾನಗಿ ಇದ್ದ ಮರುಬಳಕೆಯವರಿಗೇ ಹೋಗಬೇಕು. ಇದನ್ನು ಹತ್ತು ಸಾಲಿನ ಕನ್ನಡದಲ್ಲಿ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿದರೆ ಅರ್ಧ ಕೆಲಸ ಆದಂತೆ. ಹಳೇ ಹುಬ್ಬಳ್ಳಿಯಲ್ಲಿ ನನಗೆ ಗೊತ್ತಿರುವ ಒಬ್ಬ ಮಿಸ್ತ್ರಿ ಇದ್ದಾರೆ. ಎಣ್ಣೆ ಚೆಲ್ಲಿದರೆ ನೀರು ಮುಟ್ಟಲು ಬಿಡುವುದಿಲ್ಲ. ಕಟ್ಟಿಗೆ ಪುಡಿ ಎರಚಿ, ಹೀರಿದ ಮೇಲೆ ಗುಡಿಸಿ, ಬೇರೆ ಡಬ್ಬಿಗೆ ತುಂಬುತ್ತಾರೆ. ಅವರಿಗೆ ಯಾರೂ ನೋಟಿಸ್ ಕೊಟ್ಟಿಲ್ಲ. "ನನ್ನ ತಂಗೀನ್ನ ನವಲಗುಂದಕ್ಕ ಕೊಟ್ಟೇನ್ರೀ" ಎಂದರು ಒಮ್ಮೆ.

ಕೊನೆಗೆ ನೀವು ಕೇಳಿದ ಹೊಂಡ. ಸಾಲಾಗಿ ಮೂರು ಕೋಣೆ ಕಟ್ಟಿಸಿ. ತೊಳೆದ ನೀರು ಮೊದಲನೆಯದಕ್ಕೆ ಬೀಳಲಿ, ಅಲ್ಲಿ ಮಣ್ಣು ತಳ ಹಿಡಿಯುತ್ತದೆ. ಎರಡನೆಯದರಲ್ಲಿ ಎಣ್ಣೆ ಮೇಲೆ ತೇಲುತ್ತದೆ. ಅಲ್ಲಿಂದ ಮೂರನೆಯದಕ್ಕೆ ಹೋಗುವ ಪೈಪಿನ ಬಾಯಿ ಕೆಳಕ್ಕೆ ಬಾಗಿರಬೇಕು. ಆಗ ಅಡಿಯ ನೀರು ಮಾತ್ರ ದಾಟುತ್ತದೆ, ಎಣ್ಣೆ ಹಿಂದೆ ಉಳಿಯುತ್ತದೆ. ಮೂರನೆಯದರ ನೀರನ್ನು ಅನುಮತಿ ಪಡೆದು ಯುಜಿಡಿಗೆ ಕೊಡಿ, ಮಳೆ ಗಟಾರಕ್ಕೆ ಬೇಡ. ಹುಡುಗರಿಗೆ ಸೋಪು ಕಡಿಮೆ ಹಾಕಲು ಹೇಳಿ, ಜಾಸ್ತಿ ಸೋಪು ಎಣ್ಣೆಯನ್ನು ನೀರಿನೊಳಗೇ ಕಲಸಿಬಿಡುತ್ತದೆ, ತೇಲಲು ಬಿಡುವುದಿಲ್ಲ. ತೇಲಿದ್ದನ್ನು ದಿನಾ ಸಂಜೆ ತೆಗೆದು ಡ್ರಮ್ಮಿಗೆ ಹಾಕಿ, ತಳದ ರಾಡಿಯನ್ನು ವಾರಕ್ಕೊಮ್ಮೆ ಎತ್ತಿಸಿ. ಆ ರಾಡಿಯಲ್ಲೂ ಎಣ್ಣೆ ಇರುತ್ತದೆ, ಗಟಾರದ ದಂಡೆಗೆ ಗುಡ್ಡೆ ಹಾಕಬೇಡಿ. ಕಟ್ಟಿ ಮುಗಿದ ಮೇಲೆ ಒಂದು ಸಾಲು ಬರೆಯಿರಿ. ಮಳೆ ಇಲ್ಲದ ದಿನ ನೋಡಿ, ಬಾಟಲಿ ಹಿಡಿದು ಬರುತ್ತೇನೆ.

— ಸಂ.