ಸುಗ್ಗಿಯ ನಂತರದ ಮುಂಜಾವು: ಮಂಜೋ, ಹೊಗೆಯೋ?

ಪ್ರಶ್ನೆ: ನಮ್ಮದು ನದಿ ಬಯಲಿನ ಸಣ್ಣ ಊರು. ಸುತ್ತ ಹೊಲಗದ್ದೆಗಳಷ್ಟೇ, ಕಾರ್ಖಾನೆಗಳಿಲ್ಲ, ವಾಹನಗಳೂ ಕಡಿಮೆ. ಆದರೂ ಕೊಯ್ಲು ಮುಗಿದು ಚಳಿ ಹಿಡಿದ ಮೇಲೆ ಬೆಳಗಿನ ಗಾಳಿಯಲ್ಲಿ ಕಮಟು ವಾಸನೆಯಿರುತ್ತದೆ, ಕಣ್ಣು ಉರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ತಿಳಿಯಾಗುತ್ತದೆ. ಉಬ್ಬಸವಿರುವ ನಮ್ಮ ತಂದೆಯವರು ಬೆಳಗಿನ ಗಾಳಿ ಶುದ್ಧವೆಂದು ನಂಬಿ ಐದು ಗಂಟೆಗೇ ನಡೆಯಲು ಹೊರಡುತ್ತಾರೆ, ಮರಳಿ ಬಂದು ಬಹಳ ಹೊತ್ತು ಕೆಮ್ಮುತ್ತಾರೆ. ಇದು ಮಂಜೋ, ಹೊಗೆಯೋ? ಮನೆಗೆ ತಂದಿರುವ ಗಾಳಿ ಅಳೆಯುವ ಪುಟ್ಟ ಯಂತ್ರ ಬೆಳಿಗ್ಗೆ ತೋರಿಸುವ ದೊಡ್ಡ ಅಂಕಿಯನ್ನು ನಂಬಬಹುದೇ?

ಉತ್ತರ: ನೀವು ಕಾಣುತ್ತಿರುವುದು ಮಂಜು ಮತ್ತು ಹೊಗೆ ಒಂದರೊಳಗೊಂದು ಸೇರಿದ ಸ್ಥಿತಿ. ನಿಮ್ಮ ತಂದೆಯವರ ನಡಿಗೆಯ ಸಮಯವನ್ನು ಮೊದಲು ಬದಲಾಯಿಸಿ, ಏಕೆಂದರೆ ಈ ತಿಂಗಳುಗಳಲ್ಲಿ ದಿನದ ಅತಿ ಕೆಟ್ಟ ಗಾಳಿ ಸಾಮಾನ್ಯವಾಗಿ ಬೀಸುವುದು, ಅಥವಾ ಬೀಸದೆ ನಿಲ್ಲುವುದು, ಅದೇ ಹೊತ್ತಿನಲ್ಲಿ.

ಕಾರಣವನ್ನು ನೀವೇ ನೋಡಬಹುದು. ಗಾಳಿಯಾಡದ ಚಳಿಯ ಸಂಜೆ ಊರಿನ ಹೊರಗೆ ನಿಂತು ಯಾವುದಾದರೂ ಮನೆಯ ಒಲೆಯ ಹೊಗೆಯನ್ನು ಗಮನಿಸಿ: ಅದು ನಾಲ್ಕಾಳೆತ್ತರ ನೆಟ್ಟಗೆ ಏರಿ, ಮೇಲೇನೋ ತಡೆದಂತೆ ಬಾಗಿ, ಹಾಸಿದ ಬಟ್ಟೆಯ ಹಾಗೆ ಅಡ್ಡಲಾಗಿ ಹರಡಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ಬೇಗನೆ ತಣ್ಣಗಾಗುವುದರಿಂದ ಅದಕ್ಕೆ ತಗುಲಿದ ಗಾಳಿಯೂ ತಣಿದು ಭಾರವಾಗಿ, ನದಿಯ ಅಕ್ಕಪಕ್ಕದ ತಗ್ಗಿನಲ್ಲಿ ನೀರಿನಂತೆ ಮಡುಗಟ್ಟುತ್ತದೆ. ಅದರ ಮೇಲೆ ಉಳಿದ ಬೆಚ್ಚನೆಯ ಗಾಳಿ ಮುಚ್ಚಳವಾಗಿ ಕೂರುತ್ತದೆ. ಬಿಸಿಲಿರುವಾಗ ಒಂದೆರಡು ಕಿಲೋಮೀಟರ್ ಎತ್ತರದವರೆಗೂ ಬೆರೆತು ತೆಳುವಾಗಬಹುದಾಗಿದ್ದ ಹೊಗೆ, ಇಂಥ ರಾತ್ರಿಗಳಲ್ಲಿ ನೂರಿನ್ನೂರು ಮೀಟರ್‌ಗಳೊಳಗೇ ಸಿಕ್ಕಿಕೊಳ್ಳುತ್ತದೆ. ಮಧ್ಯಾಹ್ನ ಗಮನಕ್ಕೇ ಬಾರದಷ್ಟು ಹೊಗೆ ಮುಂಜಾವಿನಲ್ಲಿ ಉಸಿರು ಕಟ್ಟಿಸುವುದು ಇದರಿಂದ.

ಹೊಗೆ ಬರುವುದೆಲ್ಲಿಂದ ಎಂಬುದಕ್ಕೆ ಕೂಳೆ ಸುಡುವುದು, ಸೌದೆ ಒಲೆ, ಕಸದ ಬೆಂಕಿ, ಒಕ್ಕಣೆಯ ದೂಳು ಎಂದು ಯಾರೂ ಉತ್ತರಿಸಿಯಾರು. ಆದರೆ ಬೇಸಾಯದ ಊರುಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಮೂಲವಿದೆ, ಅದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದು ತೀರಾ ಕಡಿಮೆ. ಯೂರಿಯಾ ಎರಚಿದ ಹೊಲದಿಂದಲೂ ದನಗಳ ಗಂಜಲ, ಸಗಣಿಯಿಂದಲೂ ಏಳುವ ಅಮೋನಿಯಾ, ವಾಹನ ಮತ್ತು ಬೆಂಕಿಯಿಂದ ಬಂದ ಸಾರಜನಕದ ಆಕ್ಸೈಡುಗಳಿಂದ ಉಂಟಾಗುವ ಆಮ್ಲದೊಡನೆ ಕೂಡಿ, ತಂಪು ಮತ್ತು ತೇವ ಹೆಚ್ಚಿದಾಗ ಅಮೋನಿಯಂ ನೈಟ್ರೇಟ್‌ನ ಅತಿ ಸಣ್ಣ ಕಣಗಳಾಗುತ್ತದೆ. ಆಲ್ಪ್ಸ್ ಮತ್ತು ಅಪೆನೈನ್ ಬೆಟ್ಟಗಳ ನಡುವಿನ ಇಟಲಿಯ ಪೊ ನದಿ ಬಯಲಿನಲ್ಲಿ ಚಳಿಗಾಲದ ಗಾಳಿ ಕೆಡುವುದರಲ್ಲಿ ಈ ಕಣಗಳ ಪಾಲು ದೊಡ್ಡದು. ಕೂಳೆಗೆ ಬೆಂಕಿಯಿಟ್ಟಾಗ ಹುಲ್ಲಿನಲ್ಲಿದ್ದ ಸಾರಜನಕದ ಬಹುಪಾಲು ಗಾಳಿಪಾಲಾಗುತ್ತದೆ, ಮುಂದಿನ ಬೆಳೆಗೆ ಅದನ್ನೇ ಚೀಲದಲ್ಲಿ ಕೊಂಡು ತರಬೇಕಾಗುತ್ತದೆ. ಎರಡು ಬೆಳೆಗಳ ನಡುವೆ ಸಿಗುವ ಕೆಲವೇ ದಿನಗಳಲ್ಲಿ ಗದ್ದೆ ತೆರವು ಮಾಡಬೇಕಾದ ರೈತನ ಅವಸರ ನಿಜವಾದದ್ದು. ಅದಕ್ಕಾಗಿಯೇ ಹುಲ್ಲನ್ನು ಕತ್ತರಿಸಿ ಹರಡಿ, ಅದರ ನಡುವೆಯೇ ಬಿತ್ತುವ ಯಂತ್ರಗಳು ಊರಿಗೊಂದಾದರೂ ಬಾಡಿಗೆಗೆ ಸಿಗುವಂತಾಗಬೇಕೆಂದು ನಾನು ಒತ್ತಾಯಿಸುತ್ತೇನೆ.

ಇನ್ನು ನಿಮ್ಮ ಯಂತ್ರದ ಮಾತು. ಇಂಥ ಅಗ್ಗದ ಯಂತ್ರಗಳು ಕಣಗಳನ್ನು ತೂಗುವುದಿಲ್ಲ, ಅವುಗಳ ಮೇಲೆ ಬಿದ್ದು ಚದುರಿದ ಬೆಳಕನ್ನು ಅಳೆಯುತ್ತವೆ. ಮಂಜಿನ ಹೊತ್ತಿನಲ್ಲಿ ಕಣಗಳು ನೀರು ಹೀರಿ ಉಬ್ಬುವುದರಿಂದ ಅಂಕಿ ನಿಜಕ್ಕಿಂತ ಹೆಚ್ಚು ಬರುತ್ತದೆ. ಹಾಗೆಂದು ಅದನ್ನು ತಳ್ಳಿಹಾಕಬೇಡಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಿಎಂ 2.5 ಕಣಗಳಿಗೆ, ಅಂದರೆ 2.5 ಮೈಕ್ರೊಮೀಟರ್‌ ಅಥವಾ ಅದಕ್ಕಿಂತ ಚಿಕ್ಕದಾದ ಕಣಗಳಿಗೆ, ಸೂಚಿಸಿದ ದಿನದ ಸರಾಸರಿ ಮಿತಿ ಘನ ಮೀಟರ್‌ಗೆ 15 ಮೈಕ್ರೊಗ್ರಾಂ. ಯಂತ್ರ ದಿನವಿಡೀ 100ರ ಆಸುಪಾಸಿನಲ್ಲಿದ್ದರೆ, ಅದರಲ್ಲಿ ಅರ್ಧವನ್ನು ತೇವದ ಲೆಕ್ಕಕ್ಕೆ ಬಿಟ್ಟರೂ ಉಳಿಯುವುದು ಈ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು.

ತಂದೆಯವರು ಬಿಸಿಲೇರಿ ಮಂಜು ಪೂರ್ತಿ ಕರಗಿದ ಮೇಲೆ ನಡೆಯಲಿ. ಹೊರಡಲೇಬೇಕಾದ ದಿನ ಮೂಗಿನ ಪಕ್ಕದಲ್ಲಿ ಸಂದಿಯಿಲ್ಲದಂತೆ ಕೂರುವ ಎನ್‌95 ಮಾಸ್ಕ್ ಧರಿಸಲಿ. ಮುಖಕ್ಕೆ ಸುತ್ತಿದ ಬಟ್ಟೆ ದೂಳನ್ನಷ್ಟು ತಡೆದೀತು, ಈ ಕಣಗಳನ್ನಲ್ಲ. ವೈದ್ಯರು ಕೊಟ್ಟ ಇನ್ಹೇಲರನ್ನು ಕೆಮ್ಮು ಕಡಿಮೆಯಾಯಿತೆಂದು ತಾವಾಗಿ ನಿಲ್ಲಿಸಬಾರದು.

ಪ್ರಶ್ನೆ: ಬೇಸಿಗೆಯಲ್ಲಿ ಆಕಾಶ ನಿರ್ಮಲವಾಗಿದ್ದರೂ ಮಧ್ಯಾಹ್ನ ಹೊಲದಲ್ಲಿ ದುಡಿಯುವಾಗ ಎದೆ ಬಿಗಿಯುವುದೇಕೆ?

ಉತ್ತರ: ಒಣಗಿದ ನದಿಪಾತ್ರದ ಮತ್ತು ಉಳುಮೆಯ ದೂಳು ಒಂದು ಕಾರಣ. ಇನ್ನೊಂದು ಓಝೋನ್, ಪೇಟೆಯ ಕಡೆಯಿಂದ ತೇಲಿಬಂದ ಅನಿಲಗಳು ಬಿರುಬಿಸಿಲಿನಲ್ಲಿ ಓಝೋನ್ ಆಗುತ್ತವೆ, ಅದು ಬಣ್ಣವಿಲ್ಲದ್ದು, ಮಧ್ಯಾಹ್ನದ ನಂತರ ಹೆಚ್ಚುವಂಥದ್ದು, ಮಾಸ್ಕಿಗೂ ನಿಲ್ಲದ್ದು. ಆದ್ದರಿಂದ ಬೇಸಿಗೆಯ ಲೆಕ್ಕ ಚಳಿಗಾಲದ್ದಕ್ಕೆ ತಿರುಗುಮುರುಗು: ಶ್ರಮದ ಕೆಲಸವನ್ನು ಬೆಳಗಿನಲ್ಲೇ ಮುಗಿಸಿಕೊಳ್ಳಿ. ಆದರೆ ಬಿಸಿಲಲ್ಲಿ ಎದೆ ಬಿಗಿಯುವುದು ಹೃದಯದ ತೊಂದರೆಯೂ ಇರಬಹುದು, ಗಾಳಿಯನ್ನು ದೂರುವ ಮೊದಲು ವೈದ್ಯರಿಗೆ ತೋರಿಸಿ.