ಹೂವು ಮೊದಲು, ಆಟ ಆಮೇಲೆ

ಶಶಾಂಕ, ನಿನ್ನ ಮೆಸೇಜು ಮೊನ್ನೆ ರಾತ್ರಿಯೇ ನೋಡಿದೆ. ಅವಸರದಲ್ಲಿ ಎರಡು ಸಾಲು ಬರೆದು ಕಳಿಸೋಕೆ ಮನಸ್ಸಾಗಲಿಲ್ಲ, ಅದಕ್ಕೇ ತಡ. ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾಗೆ ಬಂದವನು ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಲ್ಯಾಬು, ಬಾಡಿಗೆ ರೂಮು, ಇಂಡಿಯನ್ ಅಂಗಡಿ ಬಿಟ್ಟರೆ ಇನ್ನೊಂದು ಜಾಗ ನೋಡಿಲ್ಲ ಅಂತ ಬರೆದಿದ್ದೀಯ. ಆಮೇಲೆ ಈ ಪ್ರಶ್ನೆಗಳು: "ಡಿಸೆಂಬರ್ ಬಂದದ್ದೇ ಎಲ್ಲರ ಬಾಯಲ್ಲೂ ರೋಸ್ ಬೌಲ್. ಕಾಲೇಜು ಹುಡುಗರ ಆಟಕ್ಕೆ ಇಷ್ಟು ಸಂಭ್ರಮ ಯಾಕಕ್ಕ? ಬೌಲ್ ಅಂತ ಯಾಕೆ ಹೆಸರು? ನೂರಾರು ಡಾಲರ್ ಕೊಟ್ಟು ಟಿಕೆಟ್ ತಗೊಳ್ಳಲಾ? ಮನೆ ಓನರ್ ಅಜ್ಜಿ ಮೆರವಣಿಗೆಗೆ ಹೂ ಅಂಟಿಸೋಕೆ ಬಾ ಅಂತಿದ್ದಾರೆ, ಹೋಗ್ಲಾ?"

ಅಜ್ಜಿ ಜೊತೆ ಹೋಗು. ಟಿಕೆಟ್ಟು ಈ ವರ್ಷ ಬೇಡ. ಯಾಕೆ ಅಂತ ನಿಧಾನವಾಗಿ ಹೇಳ್ತೀನಿ. ಹೊಸವರ್ಷದ ದಿನದ ಈ ಹೂವಿನ ಮೆರವಣಿಗೆ, ಅದರ ಜೊತೆಗಿನ ರೋಸ್ ಬೌಲ್ ಅನ್ನುವ ಅಮೆರಿಕನ್ ಫುಟ್‌ಬಾಲ್ ಪಂದ್ಯ, ಎರಡರ ಹುಟ್ಟೂ ಗೊತ್ತಾದರೆ ನಿನಗೇ ಅರ್ಥವಾಗುತ್ತೆ.

ಇದನ್ನು ಶುರು ಮಾಡಿದವರೂ ನಮ್ಮ ಹಾಗೆ ಬೇರೆ ಕಡೆಯಿಂದ ಬಂದವರೇ. ಪೂರ್ವದ, ನಡುನಾಡಿನ ಚಳಿ ಬಿಟ್ಟು ಇಲ್ಲಿಗೆ ಬಂದು ನೆಲೆಸಿದವರು ಸೇರಿ ವ್ಯಾಲಿ ಹಂಟ್ ಕ್ಲಬ್ ಅಂತ ಒಂದು ಕೂಟ ಮಾಡಿಕೊಂಡಿದ್ದರು. ಆ ಕೂಟದ ಚಾರ್ಲ್ಸ್ ಹೋಲ್ಡರ್ ಅನ್ನುವವರಿಗೆ ಒಂದು ಆಸೆ: ನ್ಯೂಯಾರ್ಕಿನವರು ಹಿಮದಲ್ಲಿ ಹೂತುಹೋಗಿರುವಾಗ ನಮ್ಮಲ್ಲಿ ಗುಲಾಬಿ ಅರಳಿದೆ, ಕಿತ್ತಳೆ ಹಣ್ಣಾಗುತ್ತಿದೆ, ಇದನ್ನು ಜಗತ್ತಿಗೆಲ್ಲ ಹೇಳಬೇಕು ಅಂತ. 1890ರ ಜನವರಿ 1ರಂದು ಕುದುರೆಗಾಡಿಗಳಿಗೆ ತಮ್ಮ ತೋಟದ ಹೂವು ಕಟ್ಟಿ ಮೆರವಣಿಗೆ ಹೊರಡಿಸಿದರು. ನೀನು ಬಂದ ವಾರವೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಕಿಟಕಿಯ ಆಚೆಯ ಬೆಟ್ಟ ತೋರಿಸಿದ್ದೆ ಅಂದೆಯಲ್ಲ, ಅದೇ ಮನಸ್ಸು ಅದು. ನನಗೆ ಈ ಹಬ್ಬ ಹತ್ತಿರವಾದದ್ದು ಈ ಕಾರಣಕ್ಕೆ.

ಕೆಲವೇ ವರ್ಷಕ್ಕೆ ಅದು ಆ ಕ್ಲಬ್ಬಿನ ಕೈ ಮೀರಿ ಬೆಳೆಯಿತು. 1895ರಲ್ಲಿ ಊರಿನವರು ಟೂರ್ನಮೆಂಟ್ ಆಫ್ ರೋಸಸ್ ಅನ್ನುವ ಸಂಘ ಕಟ್ಟಿ ಅದಕ್ಕೆ ಜವಾಬ್ದಾರಿ ವಹಿಸಿದರು. ಇವತ್ತಿಗೂ ಮೆರವಣಿಗೆ, ಆಟ ಎರಡನ್ನೂ ನಡೆಸುವುದು ಅದೇ ಸಂಘ. ಯಾವ ಕಾಲೇಜೂ ಅಲ್ಲ, ಸರ್ಕಾರವೂ ಅಲ್ಲ.

ಫುಟ್‌ಬಾಲ್ ಬಂದದ್ದು ಮೆರವಣಿಗೆಯ ಖರ್ಚಿಗೆ ದುಡ್ಡು ಹುಟ್ಟಿಸೋಕೆ. 1902ರ ಜನವರಿ 1, ಮಿಷಿಗನ್ ಮತ್ತು ಸ್ಟ್ಯಾನ್‌ಫರ್ಡ್. ಆಡಿದ್ದು ಎಲ್ಲಿ ಗೊತ್ತಾ? ನೀನು ಸಂಜೆ ಓಡೋಕೆ ಹೋಗುವ ಟೂರ್ನಮೆಂಟ್ ಪಾರ್ಕಿನಲ್ಲಿ. ಮಿಷಿಗನ್‌ನವರು 49–0 ಮಾಡಿಟ್ಟಾಗ ಸ್ಟ್ಯಾನ್‌ಫರ್ಡ್ ಹುಡುಗರು ಇನ್ನು ಆಗುವುದಿಲ್ಲ ಅಂತ ಸಮಯ ಮುಗಿಯುವ ಮೊದಲೇ ಆಟ ಬಿಟ್ಟುಕೊಟ್ಟರು. ಅಷ್ಟು ಏಕಪಕ್ಷೀಯ ಪಂದ್ಯ ನೋಡಿ ಸಂಘದವರಿಗೂ ಬೇಸರವಾಗಿರಬೇಕು, ಮುಂದಿನ ವರ್ಷ ಪೋಲೋ ಆಡಿಸಿದರು, 1904ರಿಂದ ಹನ್ನೆರಡು ವರ್ಷ ರೋಮನ್ನರ ಕಾಲದ್ದರಂತೆ ರಥಗಳ ಓಟ! ಫುಟ್‌ಬಾಲ್ ತಿರುಗಿ ಬಂದದ್ದು 1916ಕ್ಕೆ. ಆಮೇಲೆ ಒಂದು ವರ್ಷವೂ ತಪ್ಪಿಲ್ಲ.

ಇನ್ನು ಬೌಲ್. ಜನ ಹೆಚ್ಚಾಗಿ ಆ ಪಾರ್ಕು ಸಾಲದಾಯಿತು. ಆರೋಯೋ ಸೆಕೊ ಅನ್ನುವ ಒಣಹಳ್ಳದ ಪಾತ್ರದಲ್ಲಿ ಮೈರನ್ ಹಂಟ್ ಅನ್ನುವ ವಾಸ್ತುಶಿಲ್ಪಿ ಹೊಸ ಕ್ರೀಡಾಂಗಣದ ನಕ್ಷೆ ಹಾಕಿದರು. ಮಾದರಿ, 1914ರಲ್ಲಿ ಯೇಲ್ ವಿಶ್ವವಿದ್ಯಾಲಯ ಕಟ್ಟಿಸಿದ್ದ ಯೇಲ್ ಬೌಲ್. ಬಟ್ಟಲಿನ ಆಕಾರ, ಅದಕ್ಕೇ ಆ ಹೆಸರು. 1922ರಲ್ಲಿ ಕಟ್ಟಡ ಮುಗಿಯಿತು. 1923ರ ಹೊಸವರ್ಷದ ದಿನ ಪಕ್ಕದ ಲಾಸ್ ಏಂಜಲೀಸಿನ ಯುಎಸ್‌ಸಿ ವಿಶ್ವವಿದ್ಯಾಲಯದ ತಂಡ ಪೆನ್ ಸ್ಟೇಟನ್ನು 14–3ರಲ್ಲಿ ಸೋಲಿಸಿತು. ಕ್ರೀಡಾಂಗಣದ ಹೆಸರೇ ಪಂದ್ಯದ ಹೆಸರಾಯಿತು. ಚಳಿಗಾಲದಲ್ಲಿ ಬಿಸಿಲಿರುವ ಬೇರೆ ಊರುಗಳೂ, ಪ್ರವಾಸಿಗರು ನಮ್ಮಲ್ಲಿಗೂ ಬರಲಿ ಅಂತ ಇದೇ ದಾರಿ ಹಿಡಿದವು. ಮಯಾಮಿಯ ಆರೆಂಜ್ ಬೌಲ್, ನ್ಯೂ ಆರ್ಲಿನ್ಸ್‌ನ ಶುಗರ್ ಬೌಲ್, ಎಲ್ ಪಾಸೊದ ಸನ್ ಬೌಲ್ 1935ಕ್ಕೆ. ಡಲ್ಲಾಸ್‌ನ ಕಾಟನ್ ಬೌಲ್ 1937ಕ್ಕೆ. ಒಂದೊಂದರ ಹೆಸರಲ್ಲೂ ಆ ಸೀಮೆಯ ಬೆಳೆಯೋ ಬಿಸಿಲೋ ಇದೆ ನೋಡು. ಬಟ್ಟಲಿನ ಆಕಾರ ಇಲ್ಲದ ಕಡೆಯೂ ಬೌಲ್ ಅನ್ನುವ ಪದ ಉಳಿದುಕೊಂಡಿತು. ಈಗ ನಲವತ್ತಕ್ಕೂ ಹೆಚ್ಚು ಬೌಲ್‌ಗಳಿವೆ, ಕೆಲವಕ್ಕೆ ಟಿವಿ ಚಾನೆಲ್ಲೇ ಯಜಮಾನ. ಅವೆಲ್ಲ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ.

ಸಂಘದ ವಿಷಯಕ್ಕೆ ಬರ್ತೀನಿ. ಜನವರಿ 1ರಂದು ಬಿಳಿ ಸೂಟು, ಕೆಂಪು ಟೈ ಹಾಕಿಕೊಂಡು ರಸ್ತೆಯಲ್ಲಿ ಓಡಾಡುವವರು ಕಾಣಿಸ್ತಾರೆ. ಅವರು ಸಂಘದ ಸದಸ್ಯರು, ಒಟ್ಟು 935 ಮಂದಿ, ಯಾರಿಗೂ ಸಂಬಳವಿಲ್ಲ. ಬ್ಯಾಂಕಿನವರು, ಮೇಷ್ಟ್ರುಗಳು, ರಿಟೈರ್ ಆದವರು. ಮೂವತ್ತರಷ್ಟು ಸಮಿತಿಗಳಿವೆ: ಕುದುರೆಗೊಂದು, ಬ್ಯಾಂಡ್ ಸೆಟ್ಟಿಗೊಂದು, ಸ್ತಬ್ಧಚಿತ್ರಕ್ಕೊಂದು, ಆಟಕ್ಕೊಂದು. ಹೊಸದಾಗಿ ಸೇರಿದವರಿಗೆ ಬ್ಯಾರಿಕೇಡ್ ಹತ್ತಿರ ಚಳಿಯಲ್ಲಿ ನಿಂತು ರಾತ್ರಿ ಕಾಯುವಂಥ ಕೆಲಸ. ಹೀಗೇ ವರ್ಷಗಟ್ಟಲೆ ದುಡಿದು ಮೇಲೆ ಬಂದವರು ಒಂದೇ ಒಂದು ವರ್ಷಕ್ಕೆ ಅಧ್ಯಕ್ಷರಾಗುತ್ತಾರೆ, ಆ ವರ್ಷದ ಮೆರವಣಿಗೆಯ ವಿಷಯ ಆರಿಸುವ ಗೌರವ ಅವರದು. ನಮ್ಮೂರ ಕಡೆ ಮಾರಿಜಾತ್ರೆಗೆ ಮನೆಮನೆಯವರು ಸಮಿತಿ ಮಾಡಿಕೊಂಡು ತಿಂಗಳುಗಟ್ಟಲೆ ಓಡಾಡುವುದನ್ನು ನೋಡಿ ಬೆಳೆದವಳಿಗೆ ಇದು ಪರಕೀಯ ಅನ್ನಿಸಲೇ ಇಲ್ಲ.

ಎರಡು ಕಥೆ ಹೇಳಲೇಬೇಕು. ಒಂದು ನಿನ್ನ ಕ್ಯಾಲ್ಟೆಕ್‌ದು. 1961ರಲ್ಲಿ ವಾಷಿಂಗ್ಟನ್ ಮತ್ತು ಮಿನೆಸೋಟಾ ಪಂದ್ಯ. ವಾಷಿಂಗ್ಟನ್ ಅಭಿಮಾನಿಗಳು ಬಣ್ಣದ ರಟ್ಟು ಎತ್ತಿ ಹಿಡಿದು ಅಕ್ಷರ, ಚಿತ್ರ ಮೂಡಿಸುವ ಆಟ ಇಟ್ಟುಕೊಂಡಿದ್ದರು. ಯಾರು ಯಾವಾಗ ಯಾವ ಬಣ್ಣ ಎತ್ತಬೇಕು ಅನ್ನುವ ಚೀಟಿಗಳನ್ನು ಕ್ಯಾಲ್ಟೆಕ್‌ನ ಹದಿನಾಲ್ಕು ಹುಡುಗರು ಗುಟ್ಟಾಗಿ ತೆಗೆದು, ಎರಡು ಸಾವಿರಕ್ಕೂ ಮಿಕ್ಕಿದ ಚೀಟಿಗಳನ್ನು ಬದಲಾಯಿಸಿ ಅಲ್ಲೇ ಇಟ್ಟು ಬಂದರು. ದೇಶವೆಲ್ಲ ಟಿವಿಯಲ್ಲಿ ನೋಡುತ್ತಿರುವಾಗ ಗ್ಯಾಲರಿಯ ತುಂಬ ಮೂಡಿದ ಅಕ್ಷರ: ಕ್ಯಾಲ್ಟೆಕ್! ಮೈದಾನಕ್ಕೇ ಇಳಿಯದ ಕಾಲೇಜು ಆ ದಿನ ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿತು. ನಿನ್ನ ಲ್ಯಾಬಿನ ಹಿರಿಯರನ್ನು ಕೇಳು, ಕಣ್ಣರಳಿಸಿ ಹೇಳ್ತಾರೆ.

ಇನ್ನೊಂದು ಕಥೆ ಹೇಳುವಾಗ ನನಗೆ ಗಂಟಲು ಕಟ್ಟುತ್ತೆ. 1941ರ ಡಿಸೆಂಬರಿನಲ್ಲಿ ಜಪಾನಿನವರು ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿದ ಮೇಲೆ, ಪಶ್ಚಿಮ ತೀರದಲ್ಲಿ ಅಷ್ಟು ಜನ ಒಂದೆಡೆ ಸೇರುವುದು ಅಪಾಯ ಅಂತ ಪಂದ್ಯವನ್ನು ಉತ್ತರ ಕೆರೊಲಿನಾದ ಡರಮ್‌ಗೆ, ಡ್ಯೂಕ್ ವಿಶ್ವವಿದ್ಯಾಲಯದ ಮೈದಾನಕ್ಕೆ ಸಾಗಿಸಿದರು. ಆಡಬೇಕಿದ್ದ ಆರೆಗಾನ್ ಸ್ಟೇಟ್ ತಂಡದಲ್ಲಿ ಜ್ಯಾಕ್ ಯೋಶಿಹಾರಾ ಅನ್ನುವ ಹುಡುಗ ಇದ್ದ. ಜಪಾನಿನಲ್ಲಿ ಹುಟ್ಟಿ ಎಳೆವಯಸ್ಸಿನಲ್ಲೇ ಇಲ್ಲಿಗೆ ಬಂದವನು. ಅವನಿಗೆ ಪ್ರಯಾಣಕ್ಕೆ ಅನುಮತಿ ಸಿಗಲಿಲ್ಲ. ಗೆಳೆಯರು ರೈಲು ಹತ್ತಿ ಹೋದರು, 20–16ರಲ್ಲಿ ಗೆದ್ದರು. ಅವನನ್ನು 1942ರಲ್ಲಿ, ಜಪಾನಿ ಮೂಲದವರಿಗೆಂದೇ ಮಾಡಿದ್ದ ಐಡಹೋದ ಮಿನಿಡೋಕಾ ಶಿಬಿರದಲ್ಲಿ ಕೂಡಿಹಾಕಿದರು. ಓದು ಅರ್ಧಕ್ಕೆ ನಿಂತ ಅವನಿಗೆ ಆ ವಿಶ್ವವಿದ್ಯಾಲಯ ಗೌರವ ಪದವಿ ಕೊಟ್ಟದ್ದು 2008ರಲ್ಲಿ. ಈ ಹಬ್ಬವನ್ನು ನಾನು ಮನಸಾರೆ ಪ್ರೀತಿಸ್ತೀನಿ, ಆದರೂ ಹೊರಗಿನಿಂದ ಬಂದವರು ಇದನ್ನೂ ತಿಳಿದಿರಬೇಕು.

ಆಟದ ನಿಯಮ ಹೆದರಿಸುವಂಥದ್ದಲ್ಲ. ನಾಲ್ಕು ಪ್ರಯತ್ನದಲ್ಲಿ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು, ಒಯ್ದರೆ ಮತ್ತೆ ನಾಲ್ಕು ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಒಂದು ಉದಾಹರಣೆ: 2006ರ ಜನವರಿ 4ರ ರೋಸ್ ಬೌಲ್, ಆಟ ಮುಗಿಯುತ್ತಾ ಬಂದಿದೆ, ಟೆಕ್ಸಸ್ 33, ಯುಎಸ್‌ಸಿ 38. ಟೆಕ್ಸಸ್‌ಗೆ ಕೊನೆಯ, ಅಂದರೆ ನಾಲ್ಕನೆಯ ಪ್ರಯತ್ನ, ಬೇಕಾದದ್ದು ಐದು ಗಜ. ವಿನ್ಸ್ ಯಂಗ್ ಚೆಂಡು ಎಸೆಯಲು ಯಾರೂ ಸಿಗದೆ ತಾನೇ ಬಲಕ್ಕೆ ಓಡಿ ಮೂಲೆಯಲ್ಲಿ ಕೊನೆಯ ಗೆರೆ ದಾಟಿ ಟೆಕ್ಸಸ್ಸನ್ನು ಗೆಲ್ಲಿಸಿದ, ಆಗ ಗಡಿಯಾರದಲ್ಲಿ ಉಳಿದದ್ದು 19 ಸೆಕೆಂಡು. ನಾನು ಆಗ ಬಂದು ಮೂರು ತಿಂಗಳಾಗಿತ್ತು. ಪಕ್ಕದ ಮನೆಯವರ ಸೋಫಾದಲ್ಲಿ ಕೂತು ನೋಡಿದೆ. ಯುಎಸ್‌ಸಿಯಲ್ಲಿ ಓದಿದ ಆ ಮನೆಯ ಮಗ ಎದ್ದು ಹೋಗಿ ಹಿತ್ತಲಲ್ಲಿ ಒಬ್ಬನೇ ನಿಂತುಬಿಟ್ಟ.

ಆಟದ ವ್ಯವಹಾರ ಬಹಳ ಬದಲಾಗಿದೆ. 1947ರಿಂದ ಇಲ್ಲಿ ಪಶ್ಚಿಮ ತೀರದ ಒಕ್ಕೂಟದ ವಿಜೇತರಿಗೂ ಬಿಗ್ ಟೆನ್ ಅನ್ನುವ ನಡುನಾಡಿನ ಒಕ್ಕೂಟದ ವಿಜೇತರಿಗೂ ಪಂದ್ಯ ಅಂತ ಒಪ್ಪಂದವಿತ್ತು. ಮಿಷಿಗನ್, ಒಹಾಯೊದ ಕುಟುಂಬಗಳು ವರ್ಷವಿಡೀ ಉಳಿಸಿ ಬಿಸಿಲು ಕಾಯಿಸೋಕೆ ಬರುತ್ತಿದ್ದವು. 2024ರಲ್ಲಿ ಟಿವಿ ಹಣದ ಹಿಂದೆ ಪಶ್ಚಿಮ ತೀರದ ಯುಎಸ್‌ಸಿ, ಯುಸಿಎಲ್‌ಎ ವಿಶ್ವವಿದ್ಯಾಲಯಗಳೆರಡೂ ಬಿಗ್ ಟೆನ್‌ಗೇ ಹೋದವು. ಅದೇ ಋತುವಿನಿಂದ ರಾಷ್ಟ್ರೀಯ ಚಾಂಪಿಯನ್‌ಗಾಗಿ ಹನ್ನೆರಡು ತಂಡಗಳ ಪಂದ್ಯಾವಳಿ ಶುರುವಾಗಿ ರೋಸ್ ಬೌಲ್ ಅದರ ಒಂದು ಹಂತವಾಯಿತು. ಹಳೆಯ ನಂಟು ಕಡಿದದ್ದು ನನಗೆ ನಿಜಕ್ಕೂ ನೋವಿನ ಸಂಗತಿ. ಒಂದು ಮಾತ್ರ ಒಳ್ಳೆಯದಾಯಿತು: ನೂರು ವರ್ಷ ಮೈ ಮುರಿದುಕೊಂಡು ಬಿಟ್ಟಿ ಆಡಿದ ಹುಡುಗರು 2021ರಿಂದ ತಮ್ಮ ಹೆಸರಿನ ಮೇಲೆ ದುಡಿಯಬಹುದು, 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು.

ಈಗ ಅಜ್ಜಿ ಕರೆದ ಕೆಲಸ. ನನ್ನ ಮೊದಲ ಮೆರವಣಿಗೆ ಅದೇ 2006ರದ್ದು, ನಡೆದದ್ದು ಜನವರಿ 2ಕ್ಕೆ. ಒಂದನೇ ತಾರೀಖು ಭಾನುವಾರ ಬಂದರೆ ಮರುದಿನ ಮಾಡುವುದು 1893ರಿಂದ ಪದ್ಧತಿ. ಚರ್ಚಿನ ಹೊರಗೆ ಕಟ್ಟಿದ ಕುದುರೆಗಳು ಬೆದರಬಾರದು ಅಂತ ಆಗ ಮಾಡಿದ್ದು. ಇಲ್ಲಿ ಆ ದಿನ ಮಳೆ ಬರುವುದೇ ಇಲ್ಲ ಅಂತ ಎಲ್ಲರೂ ಹೇಳಿದ್ದರು, ನಾನು ಕೊಡೆ ಬಿಟ್ಟು ಹೋದೆ. 1955ರ ನಂತರ ಮೊದಲ ಸಲ ಆ ಬೆಳಿಗ್ಗೆ ಮಳೆ ಹೊಡೆಯಿತು. ಮಲೆನಾಡಿನ ಸಾಗರ ಪೇಟೆಯ ಮಳೆಯಲ್ಲಿ ಬೆಳೆದವಳು ಮೆರವಣಿಗೆ ಸಾಗುವ ಕೊಲರಾಡೊ ಬುಲೆವಾರ್ಡ್ ರಸ್ತೆಯಲ್ಲಿ ತೊಪ್ಪೆಯಾಗಿ ನಿಂತೆ. ಪಕ್ಕದಲ್ಲಿದ್ದ ಹೆಂಗಸು ಮಾತಾಡದೆ ತನ್ನ ಪ್ಲಾಸ್ಟಿಕ್ ಹೊದಿಕೆಯ ಅರ್ಧ ನನ್ನ ಹೆಗಲ ಮೇಲೆ ಎಳೆದರು. ಮುಂದಿನ ಡಿಸೆಂಬರಿಗೆ ಅವರೇ ನನ್ನನ್ನು ಸ್ತಬ್ಧಚಿತ್ರ ಕಟ್ಟುವ ಶೆಡ್ಡಿಗೆ ಕರೆದುಕೊಂಡು ಹೋದದ್ದು.

ನಿಯಮ ಏನೆಂದರೆ ಸ್ತಬ್ಧಚಿತ್ರದ ಹೊರಮೈಯಲ್ಲಿ ಒಂದು ಇಂಚೂ ಬಿಡದೆ ಹೂವು, ಎಲೆ, ಬೀಜ, ತೊಗಟೆ ಇಂಥದ್ದೇ ಇರಬೇಕು, ಬಣ್ಣ ಬಳಿದು ಬಿಡುವಂತಿಲ್ಲ. ಕ್ರಿಸ್‌ಮಸ್ ಕಳೆದ ಮೇಲಿನ ದಿನಗಳಲ್ಲಿ ಹಗಲು ರಾತ್ರಿ ಕೆಲಸ. ತಾಜಾ ಹೂವು ಕೊನೆಗೆ, ಒಂದೊಂದು ಗುಲಾಬಿಯ ತೊಟ್ಟೂ ನೀರು ತುಂಬಿದ ಬೆರಳುದ್ದದ ಕೊಳವೆಯೊಳಗೆ. ಅದಕ್ಕೂ ಮುಂಚೆ ಕಾಳು, ಬೀಜ. ಮೊದಲ ದಿನ ನನ್ನ ಮುಂದೆ ಒಂದು ಬಟ್ಟಲು ಇಟ್ಟು ಹಕ್ಕಿಯ ಕೊಕ್ಕು ತೋರಿಸಿದರು. ನೋಡಿದರೆ ಚನ್ನಂಗಿ ಬೇಳೆ! ಬ್ರಷ್ಷಿನಲ್ಲಿ ಅಂಗೈಯಗಲ ಅಂಟು ಸವರಿ, ಒಣಗುವ ಮುಂಚೆ ಬೇಳೆ ಒತ್ತಬೇಕು. ನಾನು ಚಿಟಿಕೆಯಲ್ಲಿ ಹಿಡಿದು, ಊರಲ್ಲಿ ನನ್ನ ಅಜ್ಜಿ ರಂಗೋಲಿ ಎಳೆ ಬಿಡುತ್ತಿದ್ದ ಹಾಗೆ, ಹೆಬ್ಬೆರಳು ತೋರುಬೆರಳ ನಡುವಿನಿಂದ ಸಣ್ಣಗೆ ಉದುರಿಸಿ ಗೆರೆ ಎಳೆದೆ. ಸುತ್ತಲಿನವರು ಕೆಲಸ ನಿಲ್ಲಿಸಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಕೊಕ್ಕು, ಕಣ್ಣು, ರೆಕ್ಕೆಯ ಅಂಚು ಎಲ್ಲ ನನ್ನ ಪಾಲಿಗೆ. ಅಷ್ಟು ದಿನ ಈ ಊರಲ್ಲಿ ನನ್ನ ಹೆಸರು ಕೇಳಿದವರು ಬೆರಳೆಣಿಕೆ, ಆ ಸಂಜೆ ಆರೇಳು ಮಂದಿ ಹೆಸರು ಹಿಡಿದು ಕೂಗುತ್ತಿದ್ದರು. ನನ್ನ ಇಲ್ಲಿನ ಸ್ನೇಹಗಳಲ್ಲಿ ಅರ್ಧ ಆ ಶೆಡ್ಡಿನವು.

ಹೋಗುವಾಗ ಹಳೆಯ ಅಂಗಿ ಹಾಕ್ಕೋ, ಅಂಟು ಹೋಗುವುದಿಲ್ಲ. ಬೆರಳು ಮುಚ್ಚುವ ಶೂ ಇಲ್ಲದಿದ್ದರೆ ಒಳಗೆ ಬಿಡೊಲ್ಲ. ಶೆಡ್ಡಿನಲ್ಲಿ ಹೂವಿಗೋಸ್ಕರ ತಂಪು ಇರುತ್ತೆ, ಸ್ವೆಟರ್ ಬೇಕು. ಹೆಸರು ಮುಂಚೆ ನೋಂದಾಯಿಸಬೇಕು, ಅಜ್ಜಿಯನ್ನು ಇವತ್ತೇ ಕೇಳು. ಮೆರವಣಿಗೆಗೆ ಕಾರು ಮುಟ್ಟಬೇಡ, ಮೆಟ್ರೋ ಎ ಲೈನಿನಲ್ಲಿ ಮೆಮೋರಿಯಲ್ ಪಾರ್ಕಿಗೆ ಇಳಿ. ಮೆರವಣಿಗೆ ಎಂಟಕ್ಕೆ ಶುರು, ನಿಂತು ನೋಡೋಕೆ ದುಡ್ಡಿಲ್ಲ, ಆರರೊಳಗೆ ಬಂದರೆ ಜಾಗ ಸಿಗುತ್ತೆ. ಹಿಂದಿನ ಮಧ್ಯಾಹ್ನದಿಂದಲೇ ಕಂಬಳಿ ಹಾಸಿ ಫುಟ್‌ಪಾತಿನಲ್ಲಿ ರಾತ್ರಿ ಕಳೆಯುವವರೂ ಇದ್ದಾರೆ, ಗೆಳೆಯರು ಸಿಕ್ಕರೆ ಅದನ್ನೂ ಒಮ್ಮೆ ಮಾಡು. ಕೊಡೆ ಇರಲಿ.

ಆಟಕ್ಕೆ ಮಧ್ಯಾಹ್ನ ನಮ್ಮ ಮನೆಗೆ ಬಾ, ಅಜ್ಜಿಯನ್ನೂ ಕರೆದುಕೊಂಡು ಬಾ. ಬಿಸಿಬೇಳೆಬಾತ್ ಮಾಡಿರ್ತೀನಿ. ಕೊನೆಯ ಹೊತ್ತಿಗೆ ಸ್ಯಾನ್ ಗೇಬ್ರಿಯಲ್ ಬೆಟ್ಟ ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ಟಿವಿಯಲ್ಲಿ ಎರಡು ನಿಮಿಷ ತೋರಿಸ್ತಾರೆ. ಆಗ ನಾವೆಲ್ಲ ಎದ್ದು ನಮ್ಮ ಬಾಲ್ಕನಿಗೆ ಹೋಗಿ ಅದೇ ಬೆಟ್ಟ ನೋಡ್ತೀವಿ.